ಸೈಕ್ಸನ ಹಕ್ಕಿ, ಕೋಲಿಸುರ್ರಾ ಪತಂಗ

ಪುಣೆಯ ಇತಿಹಾಸ ಎಂದರೆ ನಮ್ಮಂಥ ವಲಸಿಗರಿಗೆ ಶನಿವಾರವಾಡೆ, ಸಿಂಹಗಡ, ಪೇಶ್ವೆಗಳು. ಇದೇ ಊರಿನ ಚರಿತ್ರೆಯನ್ನು ಒಂದು ಹಕ್ಕಿ ಮತ್ತು ಒಂದು ಪತಂಗದಿಂದಲೂ ಓದಬಹುದು ಎಂದು ನನಗನಿಸುತ್ತದೆ. ಎರಡರ ಬಗ್ಗೆಯೂ ಬರೆದವನು ಒಬ್ಬನೇ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್.

ಪೇಶ್ವೆ ಆಳ್ವಿಕೆ ಮುಗಿದ ಮೇಲೆ, 1824ರಲ್ಲಿ, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಈತನನ್ನು ಅಂಕಿಅಂಶಗಳ ಅಧಿಕಾರಿಯಾಗಿ ನೇಮಿಸಿದ. ಪುಣೆ, ಅಹ್ಮದನಗರ, ಖಾನದೇಶಗಳ ಜೊತೆಗೆ ನಮ್ಮ ಧಾರವಾಡವೂ ಆತನ ವರದಿಯಲ್ಲಿತ್ತು. ಜಮೀನು, ಕಂದಾಯ, ಜನಸಂಖ್ಯೆಯ ಲೆಕ್ಕ ಬರೆಯುತ್ತಲೇ ಆತ ದಖ್ಖನಿನ ಜೀವಜಂತುಗಳನ್ನೂ ದಾಖಲಿಸಿದ.

1832ರಲ್ಲಿ ಪ್ರಕಟವಾದ ಆತನ ಪಕ್ಷಿಪಟ್ಟಿಯಲ್ಲಿ ಜುಟ್ಟಿನ ಒಂದು ಪುಟ್ಟ ಹಕ್ಕಿಯಿದೆ. ಕಲ್ಲುನೆಲದ ಮೇಲೆ ಗೂಡು ಕಟ್ಟುತ್ತದೆ, ಮೇಲಕ್ಕೆ ಹಾರುತ್ತ ಹಾಡುತ್ತದೆ, ಬೇರೆ ಹಕ್ಕಿಗಳ ದನಿಯನ್ನೂ ಅನುಕರಿಸುತ್ತದೆ. ವಿಜ್ಞಾನಕ್ಕೆ ಅದು ಹೊಸದು. ಈಗ ಅದರ ಇಂಗ್ಲಿಷ್ ಹೆಸರು ಸೈಕ್ಸಸ್ ಲಾರ್ಕ್.

ಪತಂಗಕ್ಕೆ ಹಾಡಿಲ್ಲ. ಹೆಣ್ಣಿನ ವಾಸನೆ ಹಿಡಿದು ಗಂಡು ಬರುತ್ತದೆ. ರೆಕ್ಕೆ ಮೂಡಿದ ಮೇಲೆ ಅದು ಏನನ್ನೂ ತಿನ್ನದು, ಕೆಲವೇ ದಿನ ಬದುಕುತ್ತದೆ. ಟಸ್ಸರ್ ರೇಷ್ಮೆಯ ಈ ಪತಂಗ ಯುರೋಪಿನ ವಿದ್ವಾಂಸರಿಗೆ ಹದಿನೆಂಟನೇ ಶತಮಾನದಲ್ಲೇ ಗೊತ್ತಿತ್ತು. ಸೈಕ್ಸ್ ಹೊಸದಾಗಿ ತಿಳಿಸಿದ್ದು ಅದರ ದಖ್ಖನಿ ಬದುಕನ್ನು. 1830ರ ದಶಕದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಬರೆದ ಲೇಖನದಲ್ಲಿ ಇಲ್ಲಿನ ಜನರ ಮಾತನ್ನೇ ಇಟ್ಟುಕೊಂಡು ಅದನ್ನು ‘ಕೋಲಿಸುರ್ರಾ’ ಎಂದ. ಇಲ್ಲಿನವರು ಅದರ ಗಟ್ಟಿ ಗೂಡನ್ನು ಸುರುಳಿಯಾಗಿ ಸೀಳಿ, ಆ ಪಟ್ಟಿಯಿಂದ ಕೋವಿಯ ನಳಿಗೆಯನ್ನು ಮರದ ಹಿಡಿಗೆ ಬಿಗಿಯುತ್ತಿದ್ದರು.

ಹಕ್ಕಿಯ ದಾಖಲೆಯಲ್ಲಿ ಹಕ್ಕಿಯಷ್ಟೇ ಇದೆ. ಪತಂಗದ ದಾಖಲೆಯಲ್ಲಿ ಜನರಿದ್ದಾರೆ, ಅವರ ಕೈಕೆಲಸವಿದೆ, ಮಾತಿದೆ. ಆದರೂ ಬಳಕೆಯಲ್ಲಿ ಉಳಿದದ್ದು ಅಧಿಕಾರಿಯ ಹೆಸರು. ಸಾಸವಡದ ಹುಲ್ಲುಗಾವಲಿಗೆ ಕ್ಯಾಮೆರಾ ಹಿಡಿದು ಹೋಗುವವರೆಲ್ಲ ಸೈಕ್ಸನ ಹೆಸರು ಹೇಳುತ್ತಾರೆ. ಕೋಲಿಸುರ್ರಾ ಎಂಬ ಮಾತನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ.

ಇನ್ನೂ ಒಂದು ಮಾತಿದೆ. ಕಂದಾಯದ ಕಣ್ಣಿಗೆ ಬೆಳೆ ಕೊಡದ ನೆಲ ಬಂಜರು. ಸರ್ಕಾರಿ ಕಡತಗಳಲ್ಲಿ ಎಷ್ಟೋ ಹುಲ್ಲುಗಾವಲುಗಳು ಇಂದಿಗೂ ಹಾಗೆಯೇ ನಮೂದಾಗಿವೆ. ಆ ಹಕ್ಕಿ ಮೊಟ್ಟೆಯಿಡುವುದೂ ಅಲ್ಲೇ, ಧನಗರರು ಕುರಿ ಮೇಯಿಸುವುದೂ ಅಲ್ಲೇ. ನಮ್ಮಂಥವರಿಗಾಗಿ ಹೊಸ ಅಪಾರ್ಟ್‌ಮೆಂಟುಗಳು ಏಳುವುದೂ ‘ಬಂಜರು’ ಎನಿಸಿಕೊಂಡ ಇಂಥ ನೆಲದ ಮೇಲೆಯೇ. ಸೈಕ್ಸ್ ಕಂದಾಯದ ಲೆಕ್ಕವನ್ನೂ ಹಕ್ಕಿಯ ವಿವರವನ್ನೂ ಒಂದೇ ಓಡಾಟದಲ್ಲಿ ಬರೆದುಕೊಂಡಿದ್ದ. ನಮ್ಮ ಕಡತಗಳಲ್ಲಿ ಉಳಿದದ್ದು ಮೊದಲನೆಯದು ಮಾತ್ರ.