ಮಾರಿಷಸ್ಸಿಗೆ ಹೊರಡುವ ಮುನ್ನ



ನಾನು ತರಗತಿಯಲ್ಲಿ ಭೂಪಟದ ಮೇಲೆ ಕೋಲಿಟ್ಟು ತೋರಿಸುತ್ತಿದ್ದ ದೇಶಗಳಿಗೆ ನೀವೆಲ್ಲ ಈಗ ರಜೆ ಕಳೆಯಲು ಹೋಗಿಬರುತ್ತೀರಿ. ಸಂತೋಷದ ವಿಷಯ. ಈಚೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ವಿವಾಹದ ಇಪ್ಪತ್ತೈದನೆಯ ವರ್ಷದ ನಿಮಿತ್ತ ಕುಟುಂಬಸಮೇತ ಮಾರಿಷಸ್ಸಿಗೆ ಹೊರಟಿರುವುದಾಗಿ ತಿಳಿಸಿ, ಪ್ರವಾಸ ಸಂಸ್ಥೆಯವರು ಸಿದ್ಧಪಡಿಸಿದ ದಿನಚರಿಯನ್ನು ಕಳುಹಿಸಿದ್ದಳು. "ಸರ್, ಒಮ್ಮೆ ನೋಡಿ ಹೇಳಿ" ಎಂಬ ಒಕ್ಕಣೆ ಬೇರೆ. ಆರು ರಾತ್ರಿ, ಏಳು ಹಗಲು. ಕಡಲ ಕಿನಾರೆಯ ರೆಸಾರ್ಟು, ದೋಣಿವಿಹಾರ, ನೀರಾಟ, ಒಂದು ದಿನ ಪೇಟೆ ಸುತ್ತಾಟ. ಇತಿಹಾಸಕ್ಕೆ ಒಂದು ಗಳಿಗೆಯೂ ಇಲ್ಲ. ಮೂವತ್ತು ವರ್ಷ ಇತಿಹಾಸ ಬೋಧಿಸಿದವನಿಗೆ ಇದನ್ನು ಕಂಡು ಸುಮ್ಮನಿರಲು ಆದೀತೇ? ಅವಳಿಗೆ ಬರೆದ ಉತ್ತರವನ್ನೇ ಹಿಗ್ಗಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಲೌಕಿಕದ ಮಾತು. ಮುಂಬಯಿಯಿಂದ ಸುಮಾರು ಆರು ಗಂಟೆಯ ವಿಮಾನಯಾನ. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ದ್ವೀಪವು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಇಪ್ಪತ್ತು ಡಿಗ್ರಿಯಲ್ಲಿರುವುದರಿಂದ ಋತುಗಳು ನಮಗೆ ತಿರುವುಮುರುವು. ಕ್ರಿಸ್ಮಸ್ ರಜೆಯಲ್ಲಿ ಹೋದವರಿಗೆ ಅಲ್ಲಿ ಕಡುಬೇಸಿಗೆ. ಜನವರಿಯಿಂದ ಮಾರ್ಚಿಯವರೆಗೆ ಚಂಡಮಾರುತದ ಭಯ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ತಂಪು. ಇಷ್ಟನ್ನು ಪ್ರವಾಸ ಸಂಸ್ಥೆಯವರೂ ಹೇಳುತ್ತಾರೆ. ಹೇಳದೆ ಬಿಡುವುದು ಬೇರೆಯದು.

ಈ ದ್ವೀಪಕ್ಕೆ ಮೂಲನಿವಾಸಿಗಳೆಂಬವರೇ ಇಲ್ಲ. ಅರಬ್ ನಾವಿಕರು ಬಲ್ಲವರಾಗಿದ್ದರು, ಪೋರ್ಚುಗೀಸರು ಹಾದುಹೋದರು, ಯಾರೂ ನೆಲೆಸಲಿಲ್ಲ. 1598ರಲ್ಲಿ ಬಂದಿಳಿದ ಡಚ್ಚರು ತಮ್ಮ ರಾಜಕುಮಾರ ಮಾರಿಸನ ಹೆಸರನ್ನಿಟ್ಟರು, ಕರಿಮರವನ್ನು ಕಡಿದರು, ಜಾವಾದಿಂದ ಕಬ್ಬು ತಂದು ನೆಟ್ಟರು, 1710ರಲ್ಲಿ ಬಿಟ್ಟುಹೋದರು. ಅಷ್ಟರಲ್ಲಿ ಹಾರಲಾರದ ಡೋಡೋ ಹಕ್ಕಿ ನಿರ್ನಾಮವಾಗಿತ್ತು. ಇಂದು ಅದರ ಬೊಂಬೆಯನ್ನು ಅಂಗಡಿ ಅಂಗಡಿಯಲ್ಲಿ ಮಾರುತ್ತಾರೆ. 1715ರಲ್ಲಿ ಫ್ರೆಂಚರು ಬಂದು "ಫ್ರಾನ್ಸ್ ದ್ವೀಪ"ವೆಂದು ಹೆಸರಿಸಿದರು. ಅವರ ಗವರ್ನರ್ ಲಾ ಬೂರ್ದೊನೆ ಪೋರ್ಟ್ ಲೂಯಿ ಬಂದರನ್ನು ಕಟ್ಟಿದವನು. 1746ರಲ್ಲಿ ಮದರಾಸನ್ನು ಇಂಗ್ಲಿಷರಿಂದ ಕಿತ್ತುಕೊಂಡವನೂ ಅವನೇ. ಆ ಬಂದರನ್ನು ಕಟ್ಟಿದ ಕೈಗಳಲ್ಲಿ ಆಫ್ರಿಕಾದ ಗುಲಾಮರೊಡನೆ ಪಾಂಡಿಚೇರಿ ಕಡೆಯ ಕುಶಲಕರ್ಮಿಗಳೂ ಇದ್ದರು.

ಇನ್ನು ನಮ್ಮ ನಾಡಿಗೇ ಸಂಬಂಧಿಸಿದ ಪ್ರಸಂಗ. ನಾಲ್ಕನೆಯ ಮೈಸೂರು ಯುದ್ಧದ ಕಾರಣಗಳನ್ನು ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ನೆನಪಿದೆಯೇ? ಅವುಗಳಲ್ಲೊಂದು ಹುಟ್ಟಿದ್ದು ಈ ದ್ವೀಪದಲ್ಲಿ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬ ಹಾಳಾದ ಹಡಗಿನೊಂದಿಗೆ ಮಂಗಳೂರನ್ನು ಸೇರಿದ. ತಾನು ದ್ವೀಪದ ಸರ್ಕಾರದ ಪ್ರತಿನಿಧಿಯೆಂದೂ, ಅಲ್ಲಿ ದೊಡ್ಡ ಸೈನ್ಯವೊಂದು ಸುಲ್ತಾನರ ನೆರವಿಗೆ ಕಾದಿದೆಯೆಂದೂ ಟಿಪ್ಪುವನ್ನು ನಂಬಿಸಿದ. ಟಿಪ್ಪು ತನ್ನ ರಾಯಭಾರಿಗಳನ್ನು ಗುಟ್ಟಾಗಿ ಕಳುಹಿಸಿದ. 1798ರ ಜನವರಿಯಲ್ಲಿ ಅವರು ಪೋರ್ಟ್ ಲೂಯಿಯಲ್ಲಿ ಇಳಿದಾಗ ಅಲ್ಲಿ ಸೈನ್ಯವೂ ಇರಲಿಲ್ಲ, ಸಿದ್ಧತೆಯೂ ಇರಲಿಲ್ಲ. ಗವರ್ನರ್ ಮಲಾರ್ತಿಕ್ ಅವರನ್ನು ಮೆರವಣಿಗೆಯ ಮರ್ಯಾದೆಯಿಂದ ಬರಮಾಡಿಕೊಂಡು, ಜನವರಿ 30ರಂದು ಟಿಪ್ಪುವಿನ ಕೋರಿಕೆಯನ್ನು ಅಚ್ಚು ಹಾಕಿಸಿ ಊರಿಗೆಲ್ಲ ಸಾರಿ, ಸ್ವಯಂಸೇವಕರನ್ನು ಕರೆದ! ಗುಟ್ಟು ಬಯಲಾಯಿತು. ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಆ ಪ್ರಕಟಣೆಯ ಪ್ರತಿ ಕಲ್ಕತ್ತೆಯಲ್ಲಿ ವೆಲ್ಲೆಸ್ಲಿಯ ಕೈಗೆ ಸಿಕ್ಕಿತು. ಯುದ್ಧಕ್ಕೆ ನೆವ ಹುಡುಕುತ್ತಿದ್ದವನಿಗೆ ಅಚ್ಚಾದ ಸಾಕ್ಷಿಯೇ ದೊರೆತಂತಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಯುದ್ಧ ಹೇಗೂ ಆಗುತ್ತಿತ್ತು ಎನ್ನುವವರಿದ್ದಾರೆ, ಇರಬಹುದು. ಆದರೆ ಮಲಾರ್ತಿಕನಂತಹ ಮಿತ್ರನಿರುವಾಗ ಶತ್ರುವೇಕೆ ಎಂದು ನನಗೆ ಇಂದಿಗೂ ಅನಿಸುತ್ತದೆ.

1810ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. ಕಬ್ಬು ಬೆಳೆಯಿತು, ಅದರೊಡನೆ ಗುಲಾಮಗಿರಿಯೂ. ನೈಋತ್ಯ ಮೂಲೆಯಲ್ಲಿ ಲೆ ಮೋರ್ನ್ ಎಂಬ, 556 ಮೀಟರ್ ಎತ್ತರದ, ಗೋಡೆಯಂತೆ ಕಡಿದಾದ ಬೆಟ್ಟವಿದೆ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅದರ ಗುಹೆಗಳಲ್ಲಿ, ನೆತ್ತಿಯಲ್ಲಿ ಅಡಗಿದ್ದರು. 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾದ ಸುದ್ದಿ ತಿಳಿಸಲು ಬೆಟ್ಟವೇರಿ ಬಂದವರನ್ನು ಕಂಡು, ಹಿಡಿಯಲೇ ಬಂದರೆಂದು ಭಾವಿಸಿ ಅವರು ಮೇಲಿನಿಂದ ಧುಮುಕಿದರೆಂದು ದ್ವೀಪದ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ದಾಖಲೆಯ ಇತಿಹಾಸವಲ್ಲ, ಜನರ ಬಾಯಲ್ಲಿ ಉಳಿದ ಕಥೆ. 2008ರಲ್ಲಿ ಯುನೆಸ್ಕೋ ಈ ಬೆಟ್ಟವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಬೆಟ್ಟದ ಬುಡದಲ್ಲಿ ಬಿಳಿಮರಳಿನ ಕಿನಾರೆ, ಅಲ್ಲೇ ಸಾಲು ಸಾಲು ಐಷಾರಾಮಿ ಹೋಟೆಲುಗಳು. ನಮ್ಮ ಹುಡುಗಿಗೆ ಕಾದಿರಿಸಿದ್ದ ರೆಸಾರ್ಟು ಸಹ ಅಲ್ಲಿಯದೇ! ದಿನಚರಿಯಲ್ಲಿ ಆ ಬೆಟ್ಟವನ್ನು ಕುರಿತು ಇದ್ದುದು "ಕೊಠಡಿಯಿಂದ ಸುಂದರ ನೋಟ" ಎಂಬಷ್ಟೇ.

ಗುಲಾಮರು ಬಿಡುಗಡೆಯಾದಾಗ ಬ್ರಿಟಿಷ್ ಸರ್ಕಾರ ಸುಮಾರು 20 ಲಕ್ಷ ಪೌಂಡು ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಒಡೆಯರಿಗೆ. ಕಬ್ಬಿನ ಗದ್ದೆಗೆ ಆಳುಗಳು ಬೇಕಲ್ಲ; ಒಡೆಯರ ಕಣ್ಣು ಆಗಲೇ ಭಾರತದ ಮೇಲೆ ಬಿದ್ದಿತ್ತು. 1834ರ ನವೆಂಬರ್ 2ರಂದು "ಅಟ್ಲಾಸ್" ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಕೂಲಿಗಳನ್ನು ತಂದಿಳಿಸಿತು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ, ಊಟ. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಕೂಲಿ ಮುರಿಯುವ ಪದ್ಧತಿಯೂ ಬಂದಿತು. "ಅಗ್ರಿಮೆಂಟ್" ಎಂಬ ಮಾತು ಅವರ ಬಾಯಲ್ಲಿ "ಗಿರ್ಮಿಟ್" ಆಯಿತು. ಹಾಯಿಹಡಗಿನ ವಾರಗಟ್ಟಲೆಯ ಪಯಣ, ಕಡಲು ದಾಟಿದರೆ ಜಾತಿ ಕೆಡುವುದೆಂಬ ಭಯ, ರೋಗ. ಎಲ್ಲಿಗೆ ಹೋಗುತ್ತೇವೆಂಬುದನ್ನೇ ಅರಿಯದೆ ದಲ್ಲಾಳಿಯ ಮಾತು ನಂಬಿ ಹಡಗು ಹತ್ತಿದವರು ಅನೇಕರು. ಕಲ್ಕತ್ತೆ, ಮದರಾಸು, ಮುಂಬಯಿಗಳಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಹೀಗೆ ಬಂದವರು ಸುಮಾರು ನಾಲ್ಕೂವರೆ ಲಕ್ಷ ಮಂದಿ. ಹೆಚ್ಚಿನವರು ಮರಳಲಿಲ್ಲ. ಇಂದು ದ್ವೀಪದ ಮೂವರಲ್ಲಿ ಇಬ್ಬರು ಅವರ ಸಂತತಿ.

ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಪೋರ್ಟ್ ಲೂಯಿಯ ದಡದಲ್ಲಿವೆ. ಎಣಿಸಿದರೆ ಹದಿನಾರು. ಹಿಂದೆ ಕೂಲಿಘಾಟ್ ಎನ್ನುತ್ತಿದ್ದ ಆ ಸ್ಥಳಕ್ಕೆ ಈಗ ಆಪ್ರವಾಸಿ ಘಾಟ್ ಎಂದು ಹೆಸರು. 2006ರಿಂದ ಅದೂ ವಿಶ್ವಪರಂಪರೆಯ ತಾಣ. ನವೆಂಬರ್ 2 ಅಲ್ಲಿ ಸಾರ್ವಜನಿಕ ರಜೆ. ದಿನಚರಿಯಲ್ಲಿದ್ದ ಪೇಟೆ ಸುತ್ತಾಟವೂ ಪೋರ್ಟ್ ಲೂಯಿಯದೇ ಆದ್ದರಿಂದ ಇದಕ್ಕಾಗಿ ಬೇರೆ ಪ್ರಯಾಣವೇನೂ ಬೇಕಿಲ್ಲ. ಅಂಗಡಿಗಳಲ್ಲಿ ಒಂದು ಗಂಟೆ ಉಳಿಸಿದರೆ ಸಾಕು. ಹಾಗೆಯೇ ಬೀದಿಬದಿಯಲ್ಲಿ ಧಾಲ್ ಪುರಿ ತಿನ್ನಬಹುದು. ನಮ್ಮ ಬೇಳೆ ಹೋಳಿಗೆಯ ದೂರದ ಖಾರದ ನಂಟ ಎನ್ನಬಹುದೇನೋ. ಹಣ ಕೊಡುವಾಗ ನೋಟನ್ನು ತಿರುಗಿಸಿ ನೋಡಬೇಕು. ಅಲ್ಲಿಯ ನಾಣ್ಯವೂ ರೂಪಾಯಿಯೇ, ನೋಟಿನ ಮೇಲೆ ತಮಿಳು, ಹಿಂದಿ ಅಕ್ಷರಗಳಿವೆ.

ಪ್ರವಾಸೋದ್ಯಮದ ಕರಪತ್ರಗಳು ಮಾರ್ಕ್ ಟ್ವೇನನನ್ನು ಮರೆಯುವುದಿಲ್ಲ. 1896ರಲ್ಲಿ ಭಾರತವನ್ನು ಸುತ್ತಿ ಅಲ್ಲಿಗೆ ಹೋದ ಆತ ಮಾರಿಷಸ್ಸನ್ನು ಸ್ವರ್ಗಕ್ಕೆ ಹೋಲಿಸಿದನೆಂದು ಅವು ಹೇಳುತ್ತವೆ. ನಿಜದಲ್ಲಿ ಆತ ಅದನ್ನು ದ್ವೀಪದವನೊಬ್ಬನ ಹೊಗಳಿಕೆಯೆಂದೇ ದಾಖಲಿಸಿದ್ದ, ತುಸು ನಗುತ್ತಲೇ. 1901ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಮರಳುತ್ತ ಅಲ್ಲಿ ಕೆಲವು ದಿನ ತಂಗಿದ್ದರು. ಅವರ ಸೂಚನೆಯಂತೆ 1907ರಲ್ಲಿ ಹೋದ ವಕೀಲ ಮಣಿಲಾಲ್ ಡಾಕ್ಟರ್ ಕೂಲಿಗಳ ಪರವಾಗಿ ನ್ಯಾಯಾಲಯಗಳಲ್ಲಿ ಹೋರಾಡಿದರು. 1968ರ ಮಾರ್ಚ್ 12ರಂದು ಸ್ವತಂತ್ರವಾದ ದೇಶಕ್ಕೆ ಸಕ್ಕರೆಯೊಂದೇ ಆಧಾರವಾಗಿತ್ತು. ರೆಸಾರ್ಟುಗಳ ಭರಾಟೆ ಆಮೇಲಿನದು. 2019ರಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ದ್ವೀಪದ ಜನಸಂಖ್ಯೆಯೇ ಹೆಚ್ಚುಕಡಿಮೆ ಅಷ್ಟು.

ಒಂದು ದಿನ ಹೆಚ್ಚಿದ್ದರೆ ಒಳನಾಡಿನ ಮೋಕಾ ಎಂಬ ಊರನ್ನೂ ಸೇರಿಸಿಕೊಳ್ಳಿ ಎಂದು ಅವಳಿಗೆ ಬರೆದೆ. ಅಲ್ಲಿಯ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಕೂಲಿಗಳ ವಲಸೆಯ ದಫ್ತರಗಳನ್ನು ಕಾಪಾಡಿದ್ದಾರೆ: ಹಡಗಿನ ಹೆಸರು, ಬಂದ ದಿನ, ತಂದೆಯ ಹೆಸರು, ಜಾತಿ, ಊರು, ಮೈಮೇಲಿನ ಗುರುತು, ಒಂದು ಸಂಖ್ಯೆ. 1860ರ ದಶಕದಿಂದ ಈಚಿನವರದು ಭಾವಚಿತ್ರವೂ ಉಂಟು. ಮುತ್ತಜ್ಜನ ಊರು ಯಾವುದೆಂದು ಕೇಳಿಕೊಂಡು ದ್ವೀಪದ ಜನ ಇಂದಿಗೂ ಅಲ್ಲಿಗೆ ಬರುತ್ತಾರೆ.