ಪರೀಕ್ಷಾ ಕೊಠಡಿಯ ಲಿಪಿಕಾರ



ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ವಾರ ದೂರವಾಣಿಯಲ್ಲಿ ಒಂದು ಪ್ರಶ್ನೆ ಎತ್ತಿದ. "ಸರ್, ಕಣ್ಣು ಕಾಣದ ವಿದ್ಯಾರ್ಥಿಗೆ ಬರೆದುಕೊಡಲು ಒಬ್ಬ ಸ್ಕ್ರೈಬ್, ಅದರ ಮೇಲೆ ಒಂದು ಗಂಟೆ ಹೆಚ್ಚು ಸಮಯ. ಇದು ಉಳಿದವರಿಗೆ ಅನ್ಯಾಯವಲ್ಲವೇ?" ಆಗ ಏನೋ ಹಾರಿಕೆಯ ಉತ್ತರ ಕೊಟ್ಟೆ. ಚರಿತ್ರೆ ಕಲಿಸಿದವನು ನಾನು. ಆ ದಾರಿಯಿಂದಲೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೂರು ಗಂಟೆ ಕುಳಿತು ಕೈಯಿಂದ ಬರೆಯುವುದೇ ಪರೀಕ್ಷೆ ಎಂಬ ನಂಬಿಕೆ ವಿಶ್ವವಿದ್ಯಾನಿಲಯಗಳಲ್ಲಿ ಅಷ್ಟೇನೂ ಪುರಾತನವಲ್ಲ. (ಚೀನಾದಲ್ಲಿ ಅಧಿಕಾರಿಗಳ ಆಯ್ಕೆಗೆ ಲಿಖಿತ ಪರೀಕ್ಷೆ ಶತಮಾನಗಳಿಂದ ಇತ್ತು, ಆ ಮಾತು ಬೇರೆ.) ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹದಿನೆಂಟನೆಯ ಶತಮಾನದ ಆರಂಭದವರೆಗೂ ಪದವಿಯ ಪರೀಕ್ಷೆಯೆಂದರೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ವಾದ-ಪ್ರತಿವಾದ. ಗಣಿತದಲ್ಲಿ ಪ್ರಥಮ ದರ್ಜೆ ಪಡೆದವರನ್ನು ಅಲ್ಲಿ ರ‍್ಯಾಂಗ್ಲರ್ ಎನ್ನುತ್ತಾರಲ್ಲ, ಆ ಪದದ ಮೂಲಾರ್ಥವೇ ವಾದ ಮಾಡುವವನು.

ಅದೇ ಕಾಲದಲ್ಲಿ ಅಲ್ಲಿ ನಿಕೋಲಸ್ ಸಾಂಡರ್ಸನ್ ಎಂಬ ಮಹನೀಯರಿದ್ದರು. ಕೂಸಾಗಿದ್ದಾಗಲೇ ಸಿಡುಬಿನಿಂದ ಎರಡೂ ಕಣ್ಣು ಕಳೆದುಕೊಂಡವರು. ಇತರರು ಓದಿ ಹೇಳಿದ್ದನ್ನು ಕೇಳಿಯೇ ಕಲಿತರು. ಲೆಕ್ಕ ಮಾಡಲು ರಂಧ್ರಗಳಿದ್ದ ಹಲಗೆಯೊಂದನ್ನು ಸಿದ್ಧಪಡಿಸಿಕೊಂಡು, ಅದರಲ್ಲಿ ಗುಂಡುಸೂಜಿಗಳನ್ನು ಚುಚ್ಚಿ ಬೆರಳಿನಿಂದಲೇ ಅಂಕಿಗಳನ್ನು ಓದುತ್ತಿದ್ದರು. 1711ರಲ್ಲಿ ರಾಣಿ ಆನ್ ಅವರ ಆಜ್ಞೆಯಿಂದ ಎಂ.ಎ. ಪದವಿ ದೊರೆತು, ಅದೇ ವರ್ಷ ನ್ಯೂಟನ್ ಒಮ್ಮೆ ಅಲಂಕರಿಸಿದ್ದ ಲುಕೇಷಿಯನ್ ಪ್ರಾಧ್ಯಾಪಕ ಪೀಠವನ್ನೇರಿದರು. ಬೆಳಕನ್ನೇ ಕಾಣದವರು ನ್ಯೂಟನ್ನನ ದ್ಯುತಿಶಾಸ್ತ್ರವನ್ನು ಬೋಧಿಸಿದರು! 1739ರಲ್ಲಿ ತೀರಿಕೊಳ್ಳುವವರೆಗೂ ಆ ಪೀಠದಲ್ಲಿದ್ದರು. ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಮೆಲ್ಲಮೆಲ್ಲನೆ ಲಿಖಿತ ಪರೀಕ್ಷೆ ನೆಲೆಯೂರಿತು. ಸಾಂಡರ್ಸನ್ನರು ನೂರು ವರ್ಷ ತಡವಾಗಿ ಹುಟ್ಟಿದ್ದರೆ ಏನಾಗುತ್ತಿತ್ತೋ!

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದಾಗ ಲಂಡನ್ ವಿಶ್ವವಿದ್ಯಾನಿಲಯವೇ ಅವುಗಳಿಗೆ ಮಾದರಿ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ವಿದ್ಯಾರ್ಥಿಯ ಮುಖವನ್ನೇ ಕಾಣದ ಪರೀಕ್ಷಕನಿಗೆ ಸಿಗುವುದು ಉತ್ತರ ಪತ್ರಿಕೆಯೊಂದೇ. ಪಕ್ಷಪಾತ ತಡೆಯಲು ಇದು ಒಳ್ಳೆಯ ಉಪಾಯವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕೈಗೂ ತಿಳಿವಳಿಕೆಗೂ ಗಂಟು ಬಿದ್ದದ್ದು ಹೀಗೆ.

ಆ ಗಂಟು ಎಷ್ಟು ಬಿಗಿಯೆಂದು ನನಗೆ ತಿಳಿದದ್ದು 1998ರಲ್ಲಿ. ನಮ್ಮ ಶಾಲೆಯಲ್ಲಿ ಓದಿದ್ದ, ದೃಷ್ಟಿಯಿಲ್ಲದ ಹುಡುಗಿಯೊಬ್ಬಳು ಬಿ.ಎ. ಪರೀಕ್ಷೆಗೆ ಕುಳಿತಿದ್ದಳು. ಲಿಪಿಕಾರ ಕೆಳಗಿನ ತರಗತಿಯವನೇ ಆಗಿರಬೇಕೆಂದು ಕಾಲೇಜಿನವರು ಹೇಳಿದ್ದರಿಂದ, ಅವಳ ತಂದೆ ನನ್ನ ಬಳಿ ಬಂದರು. ನನ್ನ ಒಂಬತ್ತನೆಯ ತರಗತಿಯಲ್ಲಿ ಅತ್ಯಂತ ಮುದ್ದಾಗಿ ಬರೆಯುವ ಹುಡುಗನನ್ನೇ ಆರಿಸಿ ಕಳುಹಿಸಿದೆ. ಅವನು ಒಂದೊಂದು ಅಕ್ಷರವನ್ನೂ ಮುತ್ತಿನಂತೆ ಪೋಣಿಸುತ್ತ ಕುಳಿತ. ಫ್ರಾನ್ಸಿನ ವೋಲ್ಟೇರ್ ಅವನ ಕೈಯಲ್ಲಿ ಆಂಧ್ರದ ವಾಲ್ಟೇರ್ ಆದನಂತೆ! ಹೆಚ್ಚುವರಿಯಾಗಿ ಕೊಟ್ಟ ಅರ್ಧ ಗಂಟೆಯೂ ಮುಗಿದು ಗಂಟೆ ಬಾರಿಸಿದಾಗ ಕೊನೆಯ ದೊಡ್ಡ ಪ್ರಶ್ನೆ ಹಾಗೆಯೇ ಉಳಿದಿತ್ತು. "ಪೂರ್ತಿ ಬಾಯಲ್ಲೇ ಇತ್ತು ಸರ್" ಎಂದಳು ಹುಡುಗಿ. ನನ್ನನ್ನು ಒಂದು ಮಾತೂ ದೂರಲಿಲ್ಲ.

ಅಂಧ ವಿದ್ಯಾರ್ಥಿಗಳಿಗೆ ಶಿಕ್ಷಣ ಸಂಸ್ಥೆಗಳೇ ಲಿಪಿಕಾರರನ್ನು ಒದಗಿಸಬೇಕೆಂದು 1995ರ ಕಾಯಿದೆಯ 31ನೆಯ ಕಲಮು ಆಗಲೇ ಹೇಳಿತ್ತು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಶಿಷ್ಯನ ಪ್ರಶ್ನೆಗೆ ನೇರ ಉತ್ತರವಿರುವುದು ಕೇಂದ್ರ ಸರ್ಕಾರ 2013ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ. "ಹೆಚ್ಚುವರಿ ಸಮಯ" ಎಂಬ ಮಾತನ್ನೇ ಬಿಟ್ಟು "ಪರಿಹಾರಾತ್ಮಕ ಸಮಯ" ಎನ್ನಬೇಕು, ಅದು ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದು ಎಂದು ಅದು ವಿಧಿಸಿತು. ನನ್ನ ಮಟ್ಟಿಗೆ ಆ ಪದ ಬದಲಾವಣೆಯೇ ದೊಡ್ಡದು. ಹೆಚ್ಚುವರಿ ಎಂದರೆ ದಾನ. ಪರಿಹಾರ ಎಂದರೆ ಕಳೆದುಹೋದದ್ದನ್ನು ಹಿಂದಿರುಗಿಸುವುದು. ಹೇಳುವುದು, ಇನ್ನೊಬ್ಬರು ಕೇಳಿ ಬರೆಯುವುದು, ಮತ್ತೆ ಓದಿಸಿ ತಿದ್ದಿಸುವುದು, ಇವಕ್ಕೆ ತಗಲುವ ಹೊತ್ತು ಅದು. ಲಿಪಿಕಾರನ ವಿದ್ಯಾರ್ಹತೆಗೆ ನಿರ್ಬಂಧ ಬೇಡವೆಂದೂ ಆಗ ಹೇಳಿದ್ದರು. 2018ರಲ್ಲಿ, ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರ ಒಂದು ಮೆಟ್ಟಿಲು ಕೆಳಗಿನವನಿರಬೇಕೆಂಬ ನಿಯಮ ಬಂದಿತು. ವಾಲ್ಟೇರ್ ಪ್ರಸಂಗ ಕಂಡ ನನಗೆ ಇದು ಒಪ್ಪಿಗೆಯಾಗಿಲ್ಲ.

ಬರೆಯುವಾಗ ಕೈಸೆಳೆತದ ತೊಂದರೆಯಿದ್ದ ತರುಣನೊಬ್ಬನಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರನನ್ನು ನಿರಾಕರಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿ 11ರಂದು ತೀರ್ಪಿತ್ತಿತು. ಶೇಕಡಾ 40ರಷ್ಟು ವೈಕಲ್ಯ ಇರಲೇಬೇಕೆಂಬ ಪಟ್ಟು ಸಲ್ಲದು, ಬರೆಯಲು ನಿಜವಾದ ತೊಂದರೆಯಿರುವ ವಿಕಲಚೇತನರೆಲ್ಲರಿಗೂ ಈ ಅನುಕೂಲ ಸಿಗಬೇಕು ಎಂಬುದು ಅದರ ಸಾರ. ಅದಕ್ಕೆ ತಕ್ಕ ಮಾರ್ಗಸೂಚಿ 2022ರ ಆಗಸ್ಟ್‌ನಲ್ಲಿ ಬಂದಿತು. ಆದರೆ ಆ ತೀರ್ಪು ಬಂದ ವರ್ಷವೇ, ಬರವಣಿಗೆಯ ತೊಡಕಿದ್ದ ಹುಡುಗಿಯೊಬ್ಬಳಿಗೆ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಆ ಒಂದು ಗಂಟೆಯನ್ನು ಕೊಡದೆ ಉತ್ತರ ಪತ್ರಿಕೆ ಕಸಿದುಕೊಳ್ಳಲಾಗಿತ್ತು. ಅವಳೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಕೊಠಡಿಯ ಮೇಲ್ವಿಚಾರಕರಿಗೆ ನಿಯಮ ತಿಳಿಯದಿದ್ದರೆ ಹೀಗಾಗುತ್ತದೆ. ಉಪನ್ಯಾಸಕ ಮಹಾಶಯ, ಮುಂದಿನ ಪರೀಕ್ಷೆಗೆ ಮುನ್ನ ದಯವಿಟ್ಟು ಓದಿಕೊ.

ಅಂದು ಲಿಪಿಕಾರನಾಗಿದ್ದ ಹುಡುಗನೂ ಈ ಪುಟಗಳನ್ನು ಓದುತ್ತಾನೆಂದು ಬಲ್ಲೆ. ಅಂದು ತಪ್ಪು ನಿನ್ನದಾಗಿರಲಿಲ್ಲ ಕಣಪ್ಪಾ. ವೇಗವಾಗಿ ಬರೆಯುವವನು ನಿನ್ನ ಪಕ್ಕದಲ್ಲೇ ಕುಳಿತಿದ್ದ. ಅಕ್ಷರ ಕಾಗೆಕಾಲು ಎಂದು ನಾನೇ ಅವನನ್ನು ಬಿಟ್ಟೆ.