ಹಾಲೊಸರುವ ಮರ, ಹಗುರಾದ ಗೊಂಬೆ

ನವರಾತ್ರಿ ಬಂತೆಂದರೆ ಮೈಸೂರಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು. ಅವು ಸಾಮಾನ್ಯವಾಗಿ ರಕ್ತಚಂದನದವು; ನೀರಿಗೆ ಹಾಕಿದರೆ ಮುಳುಗುವಷ್ಟು ತೂಕದ ಮರ. ಕೆಳಗಿನ ಮೆಟ್ಟಿಲುಗಳಲ್ಲಿ ಚನ್ನಪಟ್ಟಣದ ಸೆಟ್ಟಿ, ಸೆಟ್ಟಿತಿ, ಬುಗುರಿ, ಅಡುಗೆಯ ಪುಟ್ಟ ಪಾತ್ರೆಗಳು. ಪಟ್ಟದ ಗೊಂಬೆಯನ್ನು ಮಕ್ಕಳು ಮುಟ್ಟುವಂತಿಲ್ಲ. ಚನ್ನಪಟ್ಟಣದ್ದು ಮಕ್ಕಳ ಕೈಗೆಂದೇ ಆದದ್ದು. ಅದರ ಗುಟ್ಟು ಅರ್ಧ ಬಣ್ಣದಲ್ಲಿದ್ದರೆ ಇನ್ನರ್ಧ ಮರದಲ್ಲಿದೆ.

ಆ ಮರಕ್ಕೆ ಚನ್ನಪಟ್ಟಣದ ಕಸುಬುದಾರರು ಹೇಳುವ ಹೆಸರು ಆಲೆಮರ. ಬೇರೆ ಕಡೆ ಹಾಲೆ, ಬೆಪ್ಪಾಲೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ರೈಟಿಯಾ ಟಿಂಕ್ಟೋರಿಯಾ. ಎಲೆ ಕಿತ್ತರೆ, ತೊಗಟೆ ಗೀರಿದರೆ ಹಾಲು ಒಸರುತ್ತದೆ. ಬಿಳಿಯ ಹೂವು, ಜೋಡಿಯಾಗಿ ಇಳಿಬೀಳುವ ಉದ್ದನೆಯ ಕಾಯಿ. ಎಳೆಯ ಕಾಯಿಗಳ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ಒಮ್ಮೆ ನೋಡಿದವರು ಈ ಮರವನ್ನು ಮತ್ತೆ ಮರೆಯುವುದಿಲ್ಲ. ಬಯಲುಸೀಮೆಯ ಕುರುಚಲು ಕಾಡು, ಕಲ್ಲುಗುಡ್ಡಗಳ ಇಳಿಜಾರು ಇದರ ನೆಲೆ.

ಹಾಲೆ ಎಂಬ ಹೆಸರಿನಲ್ಲಿ ಒಂದು ತೊಡಕಿದೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ದಿನ ತೊಗಟೆ ತಂದು ಕಷಾಯ ಕುಡಿಯುವ ಹಾಲೆ, ಅಂದರೆ ತುಳುವರ ಪಾಲೆ, ಬೇರೆಯೇ ಮರ. ಅದು ಸಪ್ತಪರ್ಣಿ. ಇದೇ ಕುಟುಂಬದ್ದು, ಹಾಲೂ ಇದೆ. ಅದರ ಲ್ಯಾಟಿನ್ ಹೆಸರಿನ ಉತ್ತರಾರ್ಧ 'ಸ್ಕಾಲರಿಸ್'. ಮಕ್ಕಳು ಅಕ್ಷರ ತಿದ್ದುವ ಹಲಗೆಗೆ ಆ ಮರ ಬಳಕೆಯಾಗುತ್ತಿದ್ದುದರಿಂದ ಬಂದ ಹೆಸರು. ಒಂದು ಘನ ಮೀಟರ್ ಸಪ್ತಪರ್ಣಿ ಸುಮಾರು 400 ಕಿಲೋ ತೂಗಿದರೆ, ಮೈಸೂರಿನ ಕೆತ್ತನೆಗಾರರ ಬೀಟೆ ಅದರ ಎರಡರಷ್ಟು ತೂಗುತ್ತದೆ. ಹಾಗಿದ್ದೂ ಮರವಿಜ್ಞಾನದ ಲೆಕ್ಕದಲ್ಲಿ ಎರಡೂ 'ಗಟ್ಟಿಮರ'ಗಳೇ. ಇದೇನು ವಿಚಿತ್ರ ಎನ್ನಬಹುದು. ಗಟ್ಟಿ, ಮೆದು ಎಂಬ ಈ ವಿಂಗಡಣೆ ಕೈಗೆ ತಿಳಿಯುವ ಗಟ್ಟಿತನದಿಂದ ಆದದ್ದಲ್ಲ. ಅಗಲ ಎಲೆಯ, ಹೂ ಬಿಡುವ ಮರಗಳೆಲ್ಲ ಗಟ್ಟಿಮರ. ಪೈನ್, ದೇವದಾರುವಿನಂಥ ಸೂಜಿ ಎಲೆಯವು ಮೆದುಮರ. ಬೆರಳಲ್ಲಿ ಒತ್ತಿದರೆ ಕುಳಿ ಬೀಳುವ ಬಾಲ್ಸಾ ಕೂಡ ಈ ಲೆಕ್ಕದಲ್ಲಿ ಗಟ್ಟಿಮರ.

ಗೊಂಬೆ ಮಾಡುವವನಿಗೆ ಈ ವಿಂಗಡಣೆಯಿಂದ ಆಗಬೇಕಾದ್ದೇನೂ ಇಲ್ಲ. ಅವನಿಗೆ ಬೇಕಾದ್ದು ಎಳೆ ಸಣ್ಣದಾಗಿ ಒಂದೇ ಸಮ ಇರುವ, ಉಳಿ ತಾಗಿದರೆ ಸಿಬಿರು ಏಳದ, ಬಣ್ಣವಿಲ್ಲದ ಮರ. ಆಲೆಮರ ಆನೆಯ ದಂತದಂತೆ ಬೆಳ್ಳಗಿರುತ್ತದೆ. ಇಂಗ್ಲಿಷರು ಇದಕ್ಕೆ ದಂತದ ಹೆಸರನ್ನೇ ಕೊಟ್ಟರು. ಒಳಗಿನ ಕೆಚ್ಚು ಬೇರೆ ಬಣ್ಣಕ್ಕೆ ತಿರುಗಿರುವುದಿಲ್ಲವಾದ್ದರಿಂದ ಮೇಲೆ ಹಾಕಿದ ಹಳದಿ ಹಳದಿಯಾಗಿಯೇ ಕಾಣುತ್ತದೆ. ಮರ ದಪ್ಪ ಬೆಳೆಯುವುದಿಲ್ಲ. ಚನ್ನಪಟ್ಟಣದ ಸಾಮಾನು ಅಂಗೈಯಲ್ಲಿ ಹಿಡಿಯುವಷ್ಟೇ ಇರುವುದಕ್ಕೆ ಇದೂ ಒಂದು ಕಾರಣ.

ಕಡಿದ ತುಂಡುಗಳನ್ನು ಕೆಲವು ತಿಂಗಳು ನೆರಳಲ್ಲಿ ಒಣಗಿಸುತ್ತಾರೆ. ಅವಸರ ಮಾಡಿದರೆ ಗೊಂಬೆ ಆಮೇಲೆ ಬಿರಿಯುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ರೂಪ ಕೊಟ್ಟ ಮೇಲೆ, ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುಂಚವಿಲ್ಲ, ಒಣಗಲು ಕಾಯುವುದೂ ಇಲ್ಲ. ಕೊನೆಗೆ ಕೇದಗೆ ಜಾತಿಯ ಗರಿಯನ್ನು ಒತ್ತಿದರೆ ಕನ್ನಡಿಯಂಥ ಹೊಳಪು. ಈ ಅರಗು ಮುತ್ತುಗ, ಜಾಲಾರಿಯಂಥ ಮರಗಳ ಮೇಲೆ ಪುಟ್ಟ ಕೀಟಗಳು ಸ್ರವಿಸಿದ್ದು. ಪಾಂಡವರನ್ನು ಸುಡಲೆಂದು ಕಟ್ಟಿಸಿದ ಮನೆಯೂ ಇದರದ್ದೇ. ಮಾತ್ರೆ, ಮಿಠಾಯಿಗಳ ಮೇಲಿನ ಲೇಪಕ್ಕೂ ಶುದ್ಧಗೊಳಿಸಿದ ಅರಗು ಬಳಕೆಯಾಗುತ್ತದೆ. ಹಾಗಾಗಿ ಅರಿಸಿನ, ನೀಲಿಯಂಥ ಸಸ್ಯದ ಬಣ್ಣ ಬೆರೆಸಿದ ಗಿಲಕಿಯನ್ನು ಮಗು ಬಾಯಿಗಿಟ್ಟುಕೊಂಡರೂ ತಾಯಿ ಗಾಬರಿಯಾಗಬೇಕಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗಿನ ಕಾರ್ಖಾನೆ ಆರಂಭವಾದದ್ದೂ ಸುತ್ತಲ ಕಾಡಿನ ಅರಗನ್ನು ನೆಚ್ಚಿಯೇ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಶಾಯಿ ಒದಗಿಸಿ ಹೆಸರಾದ ಸಂಸ್ಥೆ ಅದೇ.

ಆಲೆಮರಕ್ಕೂ ಒಂದು ಬಣ್ಣದ ಕಥೆಯಿದೆ. 'ಟಿಂಕ್ಟೋರಿಯಾ' ಎಂದರೆ ಬಣ್ಣ ಹಾಕುವಂಥದ್ದು. ಇದರ ಎಲೆಯಿಂದ ನೀಲಿ ತೆಗೆಯಬಹುದೆಂದು ವಿಲಿಯಂ ರಾಕ್ಸ್‌ಬರ್ಗ್ 18ನೇ ಶತಮಾನದ ಕೊನೆಯಲ್ಲೇ ಬರೆದಿದ್ದ. ನೀಲಿಗಿಡದ ಬೆಳೆಯ ಮುಂದೆ, ಆಮೇಲೆ ರಾಸಾಯನಿಕ ನೀಲಿಯ ಮುಂದೆ ಅದು ನಿಲ್ಲಲಿಲ್ಲ.

ಈ ಕಸುಬು ಯಾವಾಗ ಶುರುವಾಯಿತು? ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಇದನ್ನು ಐತಿಹ್ಯವೆಂದು ಇಟ್ಟುಕೊಳ್ಳುವುದೇ ಮೇಲು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಚನ್ನಪಟ್ಟಣದ ಬಗ್ಗೆ ವಿಶೇಷವಾಗಿ ಬರೆದದ್ದು ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನು. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಜಪಾನಿನ ಗೊಂಬೆಗಾರಿಕೆಯ ತಂತ್ರಗಳನ್ನು ತಂದರೆಂದು ಊರು ನೆನೆಯುತ್ತದೆ. ಜಪಾನಿನ ಕೊಕೇಶಿ ಗೊಂಬೆಯೂ ಬಿಳಿ ಮರದ್ದು, ಲೇತಿನದ್ದು. ಎರಡನ್ನೂ ಪಕ್ಕದಲ್ಲಿಟ್ಟರೆ ದಾಯಾದಿಗಳೆನಿಸುವುದು ಸುಳ್ಳಲ್ಲ.

1990ರ ದಶಕದಿಂದ ಪ್ಲಾಸ್ಟಿಕ್ ಆಟಿಕೆ ಅಂಗಡಿ ತುಂಬಿತು. 2001ರಲ್ಲಿ ಆಮದಿನ ಮೇಲಿನ ಪರಿಮಾಣದ ನಿರ್ಬಂಧ ತೆಗೆದ ಮೇಲೆ ಪೈಪೋಟಿ ಇನ್ನೂ ಬಿಗಿಯಾಯಿತು. 2007ರಲ್ಲಿ ಚೀನಾದಲ್ಲಿ ತಯಾರಾದ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ ಅಮೆರಿಕದ ದೊಡ್ಡ ಕಂಪನಿ ಲಕ್ಷಗಟ್ಟಲೆ ಆಟಿಕೆ ಹಿಂಪಡೆದಾಗ, ಅರಗಿನ ಬಣ್ಣದ ಬೆಲೆ ಹೊರಗಿನವರಿಗೂ ತಿಳಿಯಿತು. ಅಷ್ಟರಲ್ಲಿ ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತ್ತು. 2010ರಲ್ಲಿ ದೆಹಲಿಗೆ ಬಂದ ಮಿಶೆಲ್ ಒಬಾಮಾ ಇವನ್ನು ಕೊಂಡದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಸುದ್ದಿಯಾಗದೇ ಉಳಿದದ್ದು ಮರ. ಆಲೆಮರ ನಿಧಾನವಾಗಿ ಬೆಳೆಯುತ್ತದೆ, ಹೊಲದ ಬದುವಿನಲ್ಲಿ ಅದನ್ನು ನೆಟ್ಟು ಬೆಳೆಸಿದವರು ಕಡಿಮೆ, ಗುಡ್ಡಗಳಲ್ಲಿ ಇದ್ದದ್ದು ತೆಳುವಾಯಿತು. ಅದರ ಜಾಗಕ್ಕೆ ಬಂದದ್ದು ಮುಖ್ಯವಾಗಿ ರಬ್ಬರ್ ಮರ. ಕೇರಳದಲ್ಲಿ, ನಮ್ಮ ಸುಳ್ಯ-ಪುತ್ತೂರುಗಳ ಕಡೆ ಹಾಲು ಬತ್ತಿದ ರಬ್ಬರ್ ಮರಗಳನ್ನು ಸುಮಾರು 30 ವರ್ಷಕ್ಕೆ ಕಡಿಯುತ್ತಾರೆ. ಆದ್ದರಿಂದ ಅಗ್ಗ, ಬೇಕಾದಷ್ಟು ಸಿಗುತ್ತದೆ. ಇದೂ ಹಾಲಿನ ಮರವೇ, ತಿಳಿ ಬಣ್ಣದ್ದೇ. ಆದರೆ ಎಳೆ ಒರಟು. ಕಡಿದ ಕೆಲವೇ ದಿನಗಳಲ್ಲಿ ಬೋರಾನ್ ಲವಣದ ಉಪಚಾರ ಆಗದಿದ್ದರೆ ಬೂಸು ಹಿಡಿದು ನೀಲಿಗಟ್ಟುತ್ತದೆ, ಹುಳು ಕೊರೆಯುತ್ತದೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಒಳಗಿನ ಮರ ಯಾವುದೆಂದು ಕೇಳುವವರು ಅಪರೂಪ. ಅರಗಿನ ಬದಲು ಡಬ್ಬಿಯ ಪೇಂಟು ಬಳಿದಾಗಲೂ ಹಾಗೆಯೇ.

ಆಲೆಮರದ ಒಂದು ಗುಣ ಮಾತ್ರ ಇನ್ನೂ ಪೂರ್ತಿ ಬಳಕೆಗೆ ಬಂದಿಲ್ಲ. ಬುಡ ಉಳಿಸಿ ಕಡಿದರೆ ಅದು ಮತ್ತೆ ಚಿಗುರುತ್ತದೆ, ಬೇರಿನಿಂದಲೂ ಸಸಿ ಎಬ್ಬಿಸುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿ ಇಂದು ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿರುವ ಬೆಂಗಳೂರಿನ ಕೇಂದ್ರ ಈ ಮರದ ತಳಿ ಸುಧಾರಣೆಯ ಮೇಲೆ ಕೆಲಸ ಮಾಡಿದೆ. ಗೊಂಬೆಗೆ ಬೇಕಾದ್ದು ದಿಮ್ಮಿಯಲ್ಲ, ತೋಳಿನಷ್ಟು ದಪ್ಪದ ಕೊಂಬೆ ಸಾಕು.